ಅಡಿಕೆ ಡಬ್ಬಿ ಕೊಟ್ಟ ಅಕ್ಕನಿಗೆ

ಕಳೆದ ವಾರ ಮೈಸೂರು ರೈಲಿನಲ್ಲಿ ಕೋಡುಬಳೆ ಕಚ್ಚಿದೆ. ಕಟ್ ಅಂತು. ಮುಂದಿನ ಹಲ್ಲಿನ ಪಿಂಗಾಣಿ ವೆನೀರ್, ಅಂದ್ರೆ ಹಲ್ಲಿನ ಮುಂಭಾಗಕ್ಕೆ ಅಂಟಿಸಿದ್ದ ಚಿಪ್ಪು, ಕಳಚಿ ಅಂಗೈಗೆ ಬಂತು. ಉಗುರಿನಷ್ಟು ತೆಳು. ಮರುದಿನ ಬೆಳಗ್ಗೆ ತಮ್ಮನ ಮದುವೆ! ಫೆವಿಕ್ವಿಕ್ ಹಾಕಿ ಅಂಟಿಸೋಣ ಅಂದುಕೊಂಡೆ.

ಎದುರು ಸೀಟಿನ ಅಕ್ಕ, ನೀವು ತಡೆದಿರಿ. "ಆ ಗಮ್ ಬಾಯಿಗೆ ಬೇಡಮ್ಮ, ಆಮೇಲೆ ಡಾಕ್ಟರಿಗೂ ಸರಿಯಾಗಿ ಕೂರಿಸೋಕಾಗಲ್ಲ" ಅಂದಿರಿ. ನಿಮ್ಮ ಅಡಿಕೆ ಡಬ್ಬಿ ಖಾಲಿ ಮಾಡಿ, ಒರೆಸಿ, ಅದರಲ್ಲಿಟ್ಟು ಕೊಟ್ಟಿರಿ.

ಸಂಜೆ ಡಾಕ್ಟರು ಅದನ್ನೇ ತೊಳೆದು, ರೆಸಿನ್ ಸಿಮೆಂಟ್ ಅನ್ನೋ ಹಲ್ಲಿನ ಅಂಟು ಹಚ್ಚಿ, ಅದು ಗಟ್ಟಿಯಾಗೋಕೆ ನೀಲಿ ಬೆಳಕು ಹಿಡಿದು ಕೂರಿಸಿದರು. ಒಡೆದಿದ್ದರೆ ಹೊಸದೇ ಮಾಡಿಸಬೇಕಿತ್ತು. ವೆನೀರ್ ಕೂರಿಸೋಕೆ ಅಂತ ಎನಾಮೆಲ್ (ಹಲ್ಲಿನ ಗಟ್ಟಿ ಹೊರಪದರ) ಕೆರೆದ ಹಲ್ಲು, ಸುಮ್ನೆ ಹಾಗೇ ಬಿಡೋಕಾಗಲ್ಲ ಅಲ್ವಾ? ನಿದ್ದೆಯಲ್ಲಿ ಹಲ್ಲು ಕಡಿಯೋದಕ್ಕೆ ನೈಟ್ ಗಾರ್ಡ್ (ರಾತ್ರಿ ಹಲ್ಲಿಗೆ ಹಾಕೋ ಕವಚ) ಕೇಳು ಅಂದಿದ್ದೂ ನೀವೇ. ಅದೂ ಆಯ್ತು.

ತುಂಬಾ ಥ್ಯಾಂಕ್ಸ್ ಅಕ್ಕ. ಹೆಸರು ಕೇಳುವಷ್ಟರಲ್ಲಿ ಮಂಡ್ಯದಲ್ಲಿ ಇಳಿದುಬಿಟ್ಟಿರಿ. ಡಬ್ಬಿ ನನ್ನ ಹತ್ತಿರಾನೇ ಇದೆ.