ಬೀರುವಿನ ಬೀಗದ ಕೈ ಯಾರ ಹತ್ತಿರ?

ಮಾನ್ಯ ಸಂಪಾದಕರೇ,

ಮೇ 12 ಬಂತೆಂದರೆ ಆಸ್ಪತ್ರೆಗಳಲ್ಲಿ ದೀಪ ಹಚ್ಚಿ, ಕೇಕ್ ಕತ್ತರಿಸಿ ದಾದಿಯರ ದಿನ ಮಾಡುತ್ತಾರೆ. ಭಾಷಣಗಳಲ್ಲಿ ತಾಳ್ಮೆ, ತ್ಯಾಗ, ತಾಯಿಕರುಳು ಎಲ್ಲ ಬಂದು ಹೋಗುತ್ತವೆ. ಆ ನರ್ಸ್‌ಗಳ ಮೇಲಿರುವ ಇನ್‌ಚಾರ್ಜ್ ಸಿಸ್ಟರ್, ಸೂಪರಿಂಟೆಂಡೆಂಟ್ ಎಂಥವರಾಗಿರಬೇಕು ಅನ್ನುವ ಮಾತು ಮಾತ್ರ ಬರುವುದಿಲ್ಲ. ಮೈಸೂರಿನ ದೊಡ್ಡಾಸ್ಪತ್ರೆಯಾಗಲಿ, ಮಂಡ್ಯದ ಮಿಮ್ಸ್ ಆಗಲಿ, ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮ್ ಆಗಲಿ, ವಾರ್ಡ್ ಸರಾಗ ನಡೆಯುವುದೂ ಕುಂಟುವುದೂ ಅವರ ಗುಣದ ಮೇಲೆಯೇ. ಇದು ಯಾವೊಂದು ಆಸ್ಪತ್ರೆಯ ಮೇಲಿನ ದೂರೂ ಅಲ್ಲ. ಕೆಲಸ ಬಲ್ಲವರಿಗೆಲ್ಲ ಗೊತ್ತಿರುವ ನಾಲ್ಕು ಮಾತು, ಅಷ್ಟೇ.

ಮೊದಲು ಡ್ಯೂಟಿ ಲಿಸ್ಟ್. ಹೆಚ್ಚಿನ ಕಡೆ ಬೆಳಿಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ 8, ರಾತ್ರಿ 8ರಿಂದ ಬೆಳಿಗ್ಗೆ 8. ರಾತ್ರಿ 8ಕ್ಕೆ ಡ್ಯೂಟಿ ಮುಗಿದರೂ ಹ್ಯಾಂಡೋವರ್ ಕೊಟ್ಟು ಹೊರಬೀಳುವಾಗ ಎಂಟೂವರೆ. ನಂಜನಗೂಡು, ಪಾಂಡವಪುರದ ಕಡೆಯಿಂದ ಬಸ್ಸಿನಲ್ಲಿ ಓಡಾಡುವವರನ್ನು ಮರುದಿನ ಬೆಳಿಗ್ಗೆ 8ಕ್ಕೇ ಮತ್ತೆ ಹಾಕಿದರೆ ಮೈ ಬಂದಿರುತ್ತದೆ, ಕಣ್ಣು ಬಂದಿರುವುದಿಲ್ಲ. ನೈಟ್ ಮುಗಿಸಿ ಬೆಳಿಗ್ಗೆ ಇಳಿದ ದಿನವನ್ನೇ 'ಆಫ್' ಎಂದು ಬರೆಯುವುದು ಇನ್ನೊಂದು ಜಾಣತನ. ಅದು ರಜೆಯಲ್ಲ, ನಿದ್ದೆ ತೀರಿಸುವ ದಿನ. ಪಟ್ಟಿಯನ್ನು ಹದಿನೈದು ದಿನ ಮೊದಲೇ ಗೋಡೆಗೆ ಅಂಟಿಸಬೇಕು. ಕಳೆದ ಜಂಬೂಸವಾರಿಯ ದಿನ ಯಾರು ಡ್ಯೂಟಿ ಮಾಡಿದರು, ಯುಗಾದಿಗೆ ಯಾರು, ಕ್ರಿಸ್‌ಮಸ್‌ಗೆ ಯಾರು, ರಂಜಾನ್‌ಗೆ ಯಾರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಸಾಕು, ಅರ್ಧ ಜಗಳ ಅಲ್ಲೇ ತೀರುತ್ತದೆ. ನಿಷ್ಪಕ್ಷಪಾತ ಎಂಬ ದೊಡ್ಡ ಗುಣ ವಾರ್ಡಿನಲ್ಲಿ ಕಾಣುವುದು ಇಷ್ಟು ಸಣ್ಣ ಪುಸ್ತಕದಲ್ಲಿ.

ಎರಡನೆಯದು, ತಪ್ಪಾದಾಗ ಬಾಯಿಂದ ಹೊರಡುವ ಮೊದಲ ಮಾತು. ನಮ್ಮಲ್ಲಿ ಇನ್ಸುಲಿನ್ ವಯಲ್ ಮಿ.ಲೀ.ಗೆ 40 ಯೂನಿಟ್‌ನದೂ ಬರುತ್ತದೆ, 100 ಯೂನಿಟ್‌ನದೂ ಬರುತ್ತದೆ. ಕೆಂಪು ಮುಚ್ಚಳದ ಸಿರಿಂಜ್ 40ರದು, ಕಿತ್ತಳೆ ಬಣ್ಣದ್ದು 100ರದು. ನೂರರ ಇನ್ಸುಲಿನ್ನನ್ನು ನಲವತ್ತರ ಸಿರಿಂಜಿನಲ್ಲಿ ಹತ್ತರ ಗೆರೆಗೆ ಎಳೆದರೆ ರೋಗಿಗೆ ಹೋಗುವುದು 25 ಯೂನಿಟ್, ಅಂದರೆ ಎರಡೂವರೆ ಪಟ್ಟು. ನೈಟ್ ಡ್ಯೂಟಿಯ ಕೊನೆಯಲ್ಲಿ ಎಂಥ ಅನುಭವಿಗೂ ಇದು ಆಗಬಹುದು. ಆಗ 'ಯಾರು ಮಾಡಿದ್ದು? ಮೆಮೊ ಕೊಡಿ' ಎಂದು ಶುರುವಾದರೆ ಮುಂದಿನ ಸಲ ತಪ್ಪು ಹೊರಗೆ ಬರುವುದೇ ಇಲ್ಲ. ಮುಚ್ಚಿಟ್ಟ ಅರ್ಧ ಗಂಟೆಯಲ್ಲಿ ರೋಗಿಯ ಸಕ್ಕರೆ ಇಳಿಯುತ್ತಲೇ ಇರುತ್ತದೆ. ಒಳ್ಳೆಯ ಇನ್‌ಚಾರ್ಜ್ ಮೊದಲು ಸಕ್ಕರೆ ನೋಡಿಸಿ, ಡಾಕ್ಟರನ್ನು ಕರೆಸಿ, ಸಕ್ಕರೆ ಏರಿಸುವ ಡೆಕ್ಸ್‌ಟ್ರೋಸ್ ಕೈಗೆ ಸಿಗುವಂತೆ ಇಡಿಸಿ, ಆಮೇಲೆ 'ಹೇಗಾಯಿತು?' ಎಂದು ಕೇಳುತ್ತಾರೆ. ಮುಂದಿನ ಇಂಡೆಂಟಿನಲ್ಲಿ, ಅಂದರೆ ಸ್ಟೋರಿಗೆ ಬರೆದು ಕಳಿಸುವ ಬೇಡಿಕೆ ಪಟ್ಟಿಯಲ್ಲಿ, ವಾರ್ಡಿಗೆ ಒಂದೇ ಬಗೆಯ ಇನ್ಸುಲಿನ್, ಅದಕ್ಕೆ ಒಪ್ಪುವ ಸಿರಿಂಜ್ ಮಾತ್ರ ತರಿಸುತ್ತಾರೆ. ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯವನ್ನೇ ನಿಲ್ಲಿಸಬಲ್ಲ ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್‌ಗಳನ್ನು ಬೇರೆ ಡಬ್ಬಿಗೆ ಹಾಕಿ 'ಡ್ರಿಪ್‌ನಲ್ಲಿ ಬೆರೆಸದೆ ಕೊಡಬೇಡಿ' ಎಂದು ಚೀಟಿ ಅಂಟಿಸುವವರೂ ಇವರೇ. ರೋಗಿಯ ಕಡೆಯವರ ಎದುರು ನರ್ಸನ್ನು ಬೈಯುವುದಿಲ್ಲ. ಬೈಯುವುದಿದ್ದರೆ ಡ್ಯೂಟಿ ರೂಮಿಗೆ ಬಾಗಿಲಿದೆ.

ಇನ್ನು ಬೀರುವಿನ ವಿಷಯ. ಪಲ್ಸ್ ಆಕ್ಸಿಮೀಟರ್, ಗಂಟಲೊಳಗೆ ನೋಡಿ ಉಸಿರಿನ ಟ್ಯೂಬ್ ಹಾಕಲು ಬೇಕಾದ ಲ್ಯಾರಿಂಗೋಸ್ಕೋಪ್, ಹೊಸ ಬಿ.ಪಿ. ಉಪಕರಣ ಎಲ್ಲವೂ ಬೀರುವಿನೊಳಗೆ. ಬೀಗದ ಕೈ ಇನ್‌ಚಾರ್ಜ್ ಸಿಸ್ಟರ್‌ರ ಬ್ಯಾಗಿನಲ್ಲಿ, ಬ್ಯಾಗು ಅವರ ಮನೆಯಲ್ಲಿ. ರಾತ್ರಿ ಎರಡು ಗಂಟೆಗೆ ಉಸಿರು ನಿಲ್ಲುತ್ತಿರುವ ರೋಗಿಗೆ ಟ್ಯೂಬ್ ಹಾಕಲು ಹೊರಟರೆ ಪಕ್ಕದ ವಾರ್ಡಿಗೆ ಓಡಬೇಕು. ಇದನ್ನು ಅವರ ಕೆಟ್ಟತನ ಎನ್ನಲಾಗದು. ಸ್ಟಾಕ್ ರಿಜಿಸ್ಟರ್ ಅವರ ಹೆಸರಿನಲ್ಲಿದೆ. ಒಂದು ಪ್ರೋಬ್ ಕಳೆದರೂ ಆಡಿಟ್‌ನಲ್ಲಿ ಉತ್ತರ ಕೊಡಬೇಕಾದವರು, ನಿವೃತ್ತಿಯ ಹೊತ್ತಿಗೆ ಬಾಕಿ ಇಲ್ಲವೆಂಬ ಪತ್ರಕ್ಕೆ ಅಲೆಯಬೇಕಾದವರು ಅವರೇ. ಹೆದರಿಕೆಯನ್ನು ಬೀಗ ಹಾಕಿ ಕಾಪಾಡುತ್ತಾರೆ. ಇದಕ್ಕೆ ಉಪಾಯ ಸರಳ. ತುರ್ತು ಸಾಮಾನು ಟ್ರಾಲಿಯಲ್ಲಿ ಬೀಗವಿಲ್ಲದೆ ಇರಲಿ. ಪ್ರತಿ ಪಾಳಿ ಬದಲಾಗುವಾಗ ಇಬ್ಬರು ಎಣಿಸಿ ಸಹಿ ಹಾಕಲಿ. ಲ್ಯಾರಿಂಗೋಸ್ಕೋಪಿನ ಬಲ್ಬು ಉರಿಯುತ್ತದೆಯೇ, ಅಡ್ರಿನಲಿನ್ ಅವಧಿ ಮುಗಿದಿಲ್ಲವೇ ಎಂದು ಆಗಲೇ ನೋಡಲಿ. ಸಹಿಯ ಜೊತೆ ಜವಾಬ್ದಾರಿಯೂ ಹಂಚಿಕೆಯಾಗುತ್ತದೆ. ಕೆಳಗಿನವರನ್ನು ನಂಬುವುದು ಅಂದರೆ ಇದೇ.

ನರ್ಸ್‌ಗಳು ತಮ್ಮ ಮೇಲಿನವರನ್ನು ಅಳೆಯುವ ಗಳಿಗೆ ಇನ್ನೊಂದಿದೆ. ಹೊಲಕ್ಕೆ ಹೊಡೆಯುವ ಔಷಧಿ ಕುಡಿದವರು ಮಂಡ್ಯದ ಕಡೆಯ ಕ್ಯಾಶುಯಲ್ಟಿಗಳಿಗೆ ಹೊಸಬರಲ್ಲ. ಅಂಥವರಿಗೆ ಕೊಡುವ ಅಟ್ರೋಪಿನ್ ಆಂಪೂಲಿನಲ್ಲಿ ಇರುವುದು 0.6 ಮಿ.ಗ್ರಾಂ. ಮೊದಲು ಐದು ಆಂಪೂಲ್, ಎದೆಯ ಗೊರಗೊರ ಇಳಿಯದಿದ್ದರೆ ಐದು ನಿಮಿಷಕ್ಕೆ ಹತ್ತು, ಮತ್ತೆ ಇಪ್ಪತ್ತು. ಆಂಪೂಲಿನ ಕತ್ತು ಮುರಿದು, ಸಿರಿಂಜಿಗೆ ಎಳೆದು, ಕೊಟ್ಟು, ಬರೆದು ಇಡಲು ಎರಡು ಕೈ ಎಲ್ಲಿ ಸಾಲುತ್ತವೆ? ಆಗ ರೌಂಡ್ಸ್‌ಗೆ ಬಂದ ಸೂಪರಿಂಟೆಂಡೆಂಟ್ ರಿಜಿಸ್ಟರ್ ಕೇಳಿದರೋ, ಗ್ಲೌಸ್ ಹಾಕಿಕೊಂಡು ಆಂಪೂಲ್ ಮುರಿಯತೊಡಗಿದರೋ ಎಂಬುದನ್ನು ಆ ವಾರ್ಡು ವರ್ಷಗಟ್ಟಲೆ ಮರೆಯುವುದಿಲ್ಲ.

ಜನ ಕಡಿಮೆ ಇರುವುದು ನಿಜ. ಬೋಧನಾ ಆಸ್ಪತ್ರೆಗಳ ವಾರ್ಡಿನಲ್ಲಿ ಮೂರು ರೋಗಿಗೆ ಒಬ್ಬರು, ಉಳಿದೆಡೆ ಐದಕ್ಕೆ ಒಬ್ಬರು, ರಜೆಗೆಂದು ಶೇ. 30 ಹೆಚ್ಚುವರಿ ಎಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ಇನ್‌ಚಾರ್ಜ್ ಆದವರು ನರ್ಸ್‌ಗಳನ್ನು ಹುಟ್ಟಿಸಲಾರರು. ಆದರೆ ಇಂಥ ದಿನ, ಇಂಥ ಪಾಳಿಯಲ್ಲಿ ಇಷ್ಟು ರೋಗಿಗಳಿಗೆ ಇಷ್ಟೇ ಜನ ಇದ್ದೆವು ಎಂದು ಮೇಲಕ್ಕೆ ಬರೆದು ಕಳಿಸಬಲ್ಲರು. 'ಹೇಗೋ ಮಾಡ್ಕೊಳ್ಳಿ' ಎನ್ನುವವರ ವಾರ್ಡಿನ ಕೊರತೆ ಕಾಗದದ ಮೇಲೆ ಇರುವುದೇ ಇಲ್ಲ.

ಈಗ ಸೇವಾ ಹಿರಿತನ ನೋಡಿ ಒಂದು ಬೆಳಿಗ್ಗೆ ಬೀಗದ ಕೈಗೊಂಚಲು ಕೊಟ್ಟುಬಿಡುತ್ತಾರೆ. ಇಪ್ಪತ್ತು ವರ್ಷ ಇಂಜೆಕ್ಷನ್ ಕೊಟ್ಟವರಿಗೆ ಡ್ಯೂಟಿ ಲಿಸ್ಟ್ ಬರೆಯುವುದು, ಸ್ಟಾಕ್ ತಾಳೆ ನೋಡುವುದು, ಇಬ್ಬರ ಜಗಳ ಬಿಡಿಸುವುದು ತಾನಾಗಿ ಬರಬೇಕೆಂದರೆ ಹೇಗೆ? ಹಿರಿತನ ಇರಲಿ. ಚಾರ್ಜ್ ಕೊಡುವ ಮುನ್ನ ಎರಡು ವಾರ ಹಳಬರ ಜೊತೆ ಕೂರಿಸಿ ಇವನ್ನು ಕಲಿಸಲಿ. ವರ್ಷಕ್ಕೊಮ್ಮೆ ವಾರ್ಡಿನ ಸಿಸ್ಟರ್, ಬ್ರದರ್‌ಗಳಿಂದ ಹೆಸರಿಲ್ಲದ ಚೀಟಿಯಲ್ಲಿ ಅಭಿಪ್ರಾಯ ಪಡೆದು, ಆ ಇನ್‌ಚಾರ್ಜ್‌ಗೇ ಓದಲು ಕೊಡಲಿ. ಆಸ್ಪತ್ರೆಗಳ ಆಡಳಿತದವರು ಇದನ್ನು ಮುಂದಿನ ಡ್ಯೂಟಿ ಲಿಸ್ಟಿನಿಂದಲೇ ಶುರುಮಾಡಬಹುದು, ಯಾವ ಅನುದಾನಕ್ಕೂ ಕಾಯಬೇಕಿಲ್ಲ.

— ಕೆಲವು ಶುಶ್ರೂಷಾಧಿಕಾರಿಗಳು, ಮೈಸೂರು