ಗೆಳೆಯನಿಗೊಂದು ಪತ್ರ: ಡ್ಯೂಟಿ ಚಾರ್ಟಿನೊಳಗಿನ ಕ್ರಿಸ್‌ಮಸ್

ಬೀದರ್
ಡಿಸೆಂಬರ್ 28, 2025

ಪ್ರೀತಿಯ ದೋಸ್ತ,

ನಿನ್ನ ಮೆಸೇಜ್ ನೋಡಿದೆ. ಪಾಪು ಇನ್ನೂ ಸಣ್ಣದು, ಚಳಿ ಬೇರೆ, ಅದಕ್ಕೇ ಈ ಸಲ ಎಳ್ಳಮಾವಾಸ್ಯೆಗೆ ಭಾಲ್ಕಿಗೆ ಬರದೆ ಪುಣೆಯಲ್ಲೇ ಉಳಿದೆವು ಅಂತ ಬರೆದಿದ್ದೀಯ. ‘ಎರಡು ಮಕ್ಕಳನ್ನು ಕಟ್ಟಿಕೊಂಡು ನೀವು ತಿಂಗಳುಗಟ್ಟಲೆ ಹಬ್ಬ ಹೇಗಪ್ಪಾ ಮಾಡ್ತೀರಿ?’ ಅಂತ ಕೇಳಿದ್ದೀಯ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಫೋನ್ ಕಿವಿಗೆ ಇಟ್ಟರೆ ಸಾಕು, ನಮ್ಮ ಸಣ್ಣವನಿಗೂ ಅದೇ ಬೇಕು. ಈಗ ಇಬ್ಬರೂ ಮಲಗಿದ್ದಾರೆ, ನನ್ನ ಹೆಂಡತಿ, ಅಂದರೆ ನಿನ್ನ ವೈನಿ, ಡ್ಯೂಟಿಗೆ ಹೋಗಿದ್ದಾಳೆ. ಪುರುಸೊತ್ತಾಗಿ ಬರೆಯುತ್ತೇನೆ, ನೀನೂ ಪುರುಸೊತ್ತಾಗಿ ಓದು.

ನಮ್ಮ ಮನೆಯಲ್ಲಿ ಹಬ್ಬ ಶುರುವಾಗುವುದು ಆಸ್ಪತ್ರೆಯ ಡ್ಯೂಟಿ ಚಾರ್ಟ್ ಬಂದ ಮೇಲೆ. ಸ್ಟಾಫ್ ನರ್ಸ್ ಮನೆಯ ಕಥೆ ನಿನಗೆ ಗೊತ್ತಲ್ಲ. ಚಾರ್ಟ್ ಅಂಟಿಸಿದ ಕೂಡಲೇ ಅವಳು ಫೋಟೊ ತೆಗೆದು ಕಳಿಸುತ್ತಾಳೆ, ನಾನು ಮೊದಲು 24 ಮತ್ತು 25 ನೋಡುತ್ತೇನೆ. ಈ ಸಲ 24ಕ್ಕೆ ನೈಟ್ ಬಿದ್ದಿತ್ತು. ನನ್ನದು ಸರ್ಕಾರಿ ಶಾಲೆ, ಕ್ರಿಸ್‌ಮಸ್‌ಗೆ ಒಂದೇ ದಿನ ರಜೆ. ಮಗಳದು ಮಿಷನ್ ಶಾಲೆ, ಅವಳಿಗೆ 24ರಿಂದ ಹೊಸ ವರ್ಷದವರೆಗೆ ಮನೆಯೇ. ಅಂದರೆ ಅಪ್ಪ ಶಾಲೆಗೆ, ಅಮ್ಮ ವಾರ್ಡಿಗೆ, ಮಕ್ಕಳು ಅವ್ವನ ತಲೆ ಮೇಲೆ. ಅವ್ವನಿಗೆ ಮೊಣಕಾಲು ನೋವು, ಎರಡು ವರ್ಷದ ಹುಡುಗನ ಹಿಂದೆ ಓಡುವುದು ಅವಳ ಕೈಲಿ ಆಗುವುದಿಲ್ಲ.

ಅದಕ್ಕೇ ಕಲಬುರಗಿಯಿಂದ ಅತ್ತೆಯನ್ನು ಕರೆಸಿಕೊಳ್ಳುತ್ತೇವೆ. ಹಿಂದೆ ಹುಮನಾಬಾದ್ ಮೇಲೆ ಬಸ್ಸಿನಲ್ಲಿ ಬರಬೇಕಿತ್ತು, ಇಳಿಯುವಷ್ಟರಲ್ಲಿ ಸೊಂಟ ಹಿಡಿದಿರುತ್ತಿತ್ತು. 2017ರಲ್ಲಿ ಬೀದರ್–ಕಲಬುರಗಿ ರೈಲು ಶುರುವಾದ ಮೇಲೆ ಆರಾಮ. ಬರುವಾಗ ಒಂದು ಚೀಲ ತೊಗರಿ ಬೇಳೆ ಹೊತ್ತೇ ಬರುತ್ತಾರೆ. ‘ಅತ್ತೆ, ಬೀದರಿನಾಗ ಬ್ಯಾಳಿ ಸಿಗಂಗಿಲ್ಲೇನ್ರಿ?’ ಅಂದರೆ, ‘ಸಿಗ್ತದ, ಆದ್ರ ಅದು ಕಲಬುರಗಿ ಬ್ಯಾಳಿ ಅಲ್ಲ’ ಅನ್ನುತ್ತಾರೆ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಆ ಊರಿನದೇ ಅನ್ನುವ ಜಿಐ ಟ್ಯಾಗ್ ಸಿಕ್ಕಿತಲ್ಲ, ಅಂದಿನಿಂದ ಅವರ ಮಾತಿಗೆ ಇನ್ನೂ ತೂಕ ಬಂದಿದೆ.

ಅತ್ತೆ ಬಂದರೆ ಅಡುಗೆಮನೆಯಲ್ಲಿ ಇಬ್ಬರು ಯಜಮಾನಿಯರು. ಕರ್ಜಿಕಾಯಿ ಹೂರಣಕ್ಕೆ ಅವ್ವ ಒಣಕೊಬ್ಬರಿ, ಸಕ್ಕರೆ, ಹುರಿದ ರವೆ ಅನ್ನುತ್ತಾಳೆ. ಅತ್ತೆಗೆ ಪುಠಾಣಿ (ಹುರಿಗಡಲೆ) ಹಿಟ್ಟು, ಬೆಲ್ಲ ಆಗಬೇಕು. ಎರಡೂ ಆಗುತ್ತವೆ. ಯಾವುದು ಚೆನ್ನಾಗಿದೆ ಅಂತ ನಾನು ಇಲ್ಲಿಯವರೆಗೆ ಬಾಯಿ ಬಿಟ್ಟಿಲ್ಲ. ನೀನೂ ಮದುವೆಯಾದವನು, ಯಾಕೆ ಅಂತ ಕೇಳಬೇಡ.

ನಕ್ಷತ್ರದ ವಿಷಯ ಮಾತ್ರ ನನ್ನದು. ನಮ್ಮ ಮಂಗಲಪೇಟೆಯಲ್ಲಿ ಈಗ ಮನೆ ಮನೆಗೂ ಅಂಗಡಿಯ ಪ್ಲಾಸ್ಟಿಕ್ ನಕ್ಷತ್ರ ಬಂದಿದೆ, ಮಿಣಿಮಿಣಿ ಬಣ್ಣ ಬದಲಾಯಿಸುತ್ತದೆ. ನನಗೆ ಅದು ಸೇರುವುದಿಲ್ಲ. ಬಿದಿರು ಸೀಳಿ ಒಂದೇ ಅಳತೆಯ ಹತ್ತು ಕಡ್ಡಿ ಮಾಡಬೇಕು. ಐದೈದು ಕಡ್ಡಿ ಹೆಣೆದು ಎರಡು ನಕ್ಷತ್ರ ಕಟ್ಟಿ, ಒಂದರ ಮೇಲೊಂದು ಇಟ್ಟು, ಐದು ಮೂಲೆಗೂ ದಾರ ಬಿಗಿಯಬೇಕು. ಆಮೇಲೆ ನಡುವೆ ಕಡ್ಡಿಗಳು ಒಂದನ್ನೊಂದು ದಾಟುವ ಐದು ಕಡೆ ಗೇಣಿಗಿಂತ ಚಿಕ್ಕ ತುಂಡುಗಳನ್ನು ಅಡ್ಡ ಸಿಕ್ಕಿಸಿದರೆ ಹೊಟ್ಟೆ ಉಬ್ಬುತ್ತದೆ. ಈ ತುಂಡು ಸಿಕ್ಕಿಸುವಾಗಲೇ ನೋಡು ಫಜೀತಿ. ನಾಲ್ಕನೆಯದು ಹಾಕುವಾಗ ಮೊದಲನೆಯದು ಟಪ್ ಅಂತ ಹಾರುತ್ತದೆ. ಮಗಳಿಗೆ ಹಾರಿದ ತುಂಡು ಹುಡುಕುವ ಕೆಲಸ. ಮೇಲೆ ಅಂಟಿಸುವುದಕ್ಕೆ ಪತಂಗದ, ಅಂದರೆ ಗಾಳಿಪಟದ, ಹಾಳೆ ಬೇಕು. ಸಂಕ್ರಾಂತಿ ಹತ್ತಿರ ಬಂದಿರುವುದರಿಂದ ಡಿಸೆಂಬರಿನಲ್ಲಿ ಅದಕ್ಕೆ ಬರ ಇಲ್ಲ. ಮೈದಾ ಗಂಜಿ ಹಚ್ಚಿ ಬಿಸಿಲಿಗೆ ಇಟ್ಟರೆ ಹಾಳೆ ಒಣಗಿ ತಮಟೆಯ ಹಾಗೆ ಬಿಗಿಯಾಗುತ್ತದೆ. ಅಪ್ಪನ ಕಾಲದಲ್ಲಿ ಒಳಗೆ ಹಳದಿ ಬಲ್ಬು ಇಡುತ್ತಿದ್ದರು, ಕಾವಿಗೆ ಹಾಳೆ ಕಂದಿ ಹೋಗುತ್ತಿತ್ತು. ಎಲ್‌ಇಡಿ ಬಂದ ಮೇಲೆ ಆ ಚಿಂತೆ ಇಲ್ಲ. ಈ ಸಲದ್ದರ ಒಂದು ಕೊಂಬು ಸ್ವಲ್ಪ ಸೊಟ್ಟ ಆಗಿದೆ. ಮಗಳಿಗೆ ಅದರದ್ದೇ ಹೆಮ್ಮೆ, ಬೀದಿಯಲ್ಲಿ ನಮ್ಮ ಮನೆ ಗುರುತು ಹೇಳುವುದಕ್ಕೆ ಸುಲಭವಂತೆ.

ಬೇಕರಿ ಭಟ್ಟಿಯ ಸಾಲು ನೆನಪಿದೆಯಾ? ಅದು ಇನ್ನೂ ಇದೆ. ಮನೆಯಿಂದ ಮೈದಾ, ಅದರ ಅರ್ಧದಷ್ಟು ಪುಡಿ ಸಕ್ಕರೆ, ಅಷ್ಟೇ ಡಾಲ್ಡಾ, ಏಲಕ್ಕಿ ಕಟ್ಟಿಕೊಂಡು ಹೋಗುವುದು. ಕಲಸುವುದು, ಸುಡುವುದು ಅವರದು, ಕೆಜಿ ಲೆಕ್ಕದಲ್ಲಿ ಕೂಲಿ. ತಗಡಿನ ತಟ್ಟೆಗಳು ಒಳಗೆ ಹೋಗಿ ಹೊರಗೆ ಬರುವವರೆಗೆ ಅಲ್ಲೇ ನಿಲ್ಲಬೇಕು, ಇಲ್ಲದಿದ್ದರೆ ನಿನ್ನ ನಾನ್‌ಖಟಾಯಿ ಇನ್ನೊಬ್ಬರ ಡಬ್ಬಿಗೆ. ರಾತ್ರಿ ಚಳಿ ಹತ್ತು ಡಿಗ್ರಿಯ ಆಸುಪಾಸಿಗೆ ಇಳಿಯುವ ಊರಿನಲ್ಲಿ ಭಟ್ಟಿಯ ಮುಂದೆ ನಿಲ್ಲುವುದು ಶಿಕ್ಷೆಯೇನಲ್ಲ ಬಿಡು. ಕೇಕ್ ಅಂಗಡಿಯಿಂದಲೇ ತರುತ್ತೇವೆ. ಆದರೆ ನಾನ್‌ಖಟಾಯಿ ಇಲ್ಲದೆ ನಮಗೆ ನಡೆಯುವುದಿಲ್ಲ. ಅದರಲ್ಲಿ ಮೊಟ್ಟೆ ಇಲ್ಲ. ಎದುರುಮನೆಯ ಲಿಂಗಾಯತರ ಅಜ್ಜಿಗೂ ಕೊಡಬಹುದು, ಹಿಂದಿನ ಬೀದಿಯ ಚಾಚಾನ ಮನೆಗೂ ಕೊಡಬಹುದು. ಯಾರ ತಟ್ಟೆಗೆ ಏನು ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇನ್ನು ನೀನು ತಪ್ಪಿಸಿಕೊಂಡ ಎಳ್ಳಮಾವಾಸ್ಯೆ. ಈ ಸಲ 19ಕ್ಕೆ, ಶುಕ್ರವಾರ ಬಂದಿತ್ತು. ನಮ್ಮ ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯಲ್ಲಿರುವ ಒಬ್ಬರು ‘ಸರ, ಮಕ್ಕಳನ್ನ ಕರ್ಕೊಂಡೇ ಬರ್ರಿ’ ಅಂತ ಮುಂಚೆಯೇ ಹೇಳಿದ್ದರು. ಒಂದು ದಿನ ಸಿ.ಎಲ್. ರಜೆ ಹಾಕಿದೆ. ಡಿಸೆಂಬರಿನಲ್ಲಿ ಹೇಗೂ ತೊಗರಿ ಕೊಯ್ಲು, ರಾಶಿ ಅಂತ ಶಾಲೆಯಲ್ಲಿ ಹಾಜರಿ ಕಡಿಮೆ. ನಿನ್ನ ವೈನಿಗೂ ಅಂದು ನೈಟ್ ಆಫ್ ಸಿಕ್ಕಿತ್ತು, ನಿದ್ದೆಗಣ್ಣಲ್ಲೇ ಬೈಕ್ ಹತ್ತಿದಳು. ಹೊಲದಲ್ಲಿ ಜೋಳದ ದಂಟಿನ ಕೊಂಪೆ ಕಟ್ಟಿ, ಒಳಗೆ ಐದು ಕಲ್ಲು ಇಟ್ಟು ಪಾಂಡವರ ಪೂಜೆ ಮಾಡಿದರು. ಹೊಲದ ತುಂಬ ಚರಗ (ನೈವೇದ್ಯದ ಅಡುಗೆ) ಚೆಲ್ಲುವವರ ಹಿಂದೆ ನನ್ನ ಮಗಳೂ ಕೂಗುತ್ತಾ ಓಡಿದಳು. ಏನು ಕೂಗುತ್ತಿದ್ದೇನೆ ಅಂತ ಅವಳಿಗೆ ಗೊತ್ತಿರಲಿಲ್ಲ, ಗೊತ್ತಾಗಬೇಕು ಅಂತಲೂ ಇರಲಿಲ್ಲ. ಊಟದ ಬಗ್ಗೆ ಬರೆದರೆ ನಿನಗೆ ಹೊಟ್ಟೆ ಉರಿಯುತ್ತದೆ, ಆದರೂ ಬರೆಯುತ್ತೇನೆ. ಸಜ್ಜೆ ರೊಟ್ಟಿ, ಎಳ್ಳು ಹಚ್ಚಿದ್ದು. ಅಂಬಲಿ. ಭಜ್ಜಿಯಲ್ಲಿ ಹಸಿ ತೊಗರಿ, ಹಸಿ ಕಡಲೆ, ಅವರೆ, ಗಜ್ಜರಿ, ಮೆಂತ್ಯ ಸೊಪ್ಪು, ಕಡಲೆ ಹಿಟ್ಟು, ಹುಣಸೆ ಹುಳಿ, ಎಲ್ಲ ಸೇರಿ ಗಟ್ಟಿಯಾಗಿತ್ತು. ಮನೆಯಲ್ಲಿ ಸೊಪ್ಪು ಕಂಡರೆ ಬಾಯಿ ಮುಚ್ಚುವ ನಮ್ಮ ಸಣ್ಣವ ಅಲ್ಲಿ ಎರಡೂ ಕೈಯಲ್ಲಿ ತಿಂದ. ಬಂದವರೆಲ್ಲ ನೀನು ಯಾಕೆ ಬರಲಿಲ್ಲ ಅಂತ ಕೇಳಲಿಲ್ಲ, ಸುಮ್ನೆ ಆಸೆ ಪಡಬೇಡ. ನಿನ್ನ ಅವ್ವ ಮಾತ್ರ ಫೋನಿನಲ್ಲಿ ಕೇಳಿದರು. ಅದನ್ನು ಕೊನೆಗೆ ಹೇಳುತ್ತೇನೆ.

21ರ ಭಾನುವಾರ ಸಂಡೇ ಸ್ಕೂಲ್ ಮಕ್ಕಳ ನಾಟಕ. ಮಗಳು ಕುರಿ. ಮಾತು ಇಲ್ಲ, ಆದರೆ ಪೂರ್ತಿ ಹೊತ್ತು ಮಂಡಿ ಊರಿ ಇರಬೇಕು. ಹಳೆಯ ಬನಿಯನ್‌ಗೆ ಮೆಡಿಕಲ್ ಅಂಗಡಿಯ ಹತ್ತಿ ಸುರುಳಿಯಿಂದ ತುಣುಕು ಕಿತ್ತು ಅತ್ತೆ ಹೊಲಿದುಕೊಟ್ಟರು. ಕುರುಬರ ಪಾತ್ರದ ಹುಡುಗರು ಮನೆಯಿಂದ ನಿಜವಾದ ಕಂಬಳಿಯನ್ನೇ ತಂದಿದ್ದರು. ಬೆತ್ಲೆಹೇಮಿನ ಕುರುಬರು ಹೇಗಿದ್ದರೋ, ನಮ್ಮವರಂತೂ ಬೀದರಿನ ಕುರುಬರೇ. ದೂತ ಬಂದು ಶುಭವಾರ್ತೆ ಹೇಳುತ್ತಿದ್ದಾನೆ, ನಮ್ಮ ಕುರಿ ಸಭೆಯಲ್ಲಿ ಅಮ್ಮನನ್ನು ಹುಡುಕುತ್ತಿದೆ. ಅಮ್ಮ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದು ಹಿಂದಿನ ಬಾಗಿಲಲ್ಲಿ ನಿಂತಿದ್ದಳು. ಕಂಡ ಕೂಡಲೇ ಕುರಿ ಎದ್ದು ನಿಂತು ಕೈ ಬೀಸಿತು.

ಉಳಿದ ಹತ್ತಿ ಕ್ಯಾರಲ್ ತಂಡದವರ ಸಾಂಟಾ ಗಡ್ಡಕ್ಕೆ ಹೋಯಿತು. ಅವರು ಟೆಂಪೊದಲ್ಲಿ ಡೋಲಕ್, ಹಾರ್ಮೋನಿಯಂ ಹಾಕಿಕೊಂಡು ಮನೆ ಮನೆ ಸುತ್ತಿ ನಮ್ಮಲ್ಲಿಗೆ ಬರುವಾಗ ನಡುರಾತ್ರಿ ದಾಟಿತ್ತು. ಒಂದು ಹಾಡು ಕನ್ನಡ, ಒಂದು ಹಿಂದಿ, ಒಂದು ತೆಲುಗು. ಬೀದರ್ ಅಂದರೆ ಹಾಗೇ ಅಲ್ವಾ? ಸಣ್ಣವ ಎದ್ದ, ಗಡ್ಡ ನೋಡಿದ, ಕಿರುಚಿದ. ಪಾಪ, ಸಾಂಟಾ ಗಡ್ಡ ಕೆಳಗೆ ಎಳೆದು ‘ನಾನೋ ತಮ್ಮಾ, ನಿಮ್ಮ ಕಾಕಾ’ ಅಂದ. ಅದರಿಂದ ಇನ್ನೂ ಜಾಸ್ತಿಯಾಯಿತು. ಚಹಾ ಕುಡಿದು, ಕಾಣಿಕೆ ತೆಗೆದುಕೊಂಡು ಅವರು ಮುಂದಿನ ಮನೆಗೆ ಹೋದರು. ಇವನು ಮಲಗಲು ಬೆಳಗಿನ ಜಾವ ಆಯಿತು. ನಡುರಾತ್ರಿ ಸಣ್ಣ ಮಕ್ಕಳ ಮನೆಗೆ ಕ್ಯಾರಲ್ ಬರಬಾರದು ಅನ್ನುವುದು ನನ್ನ ಅಭಿಪ್ರಾಯ. ಬರದಿದ್ದರೆ ಬೇಜಾರಾಗುತ್ತದೆ ಅನ್ನುವುದೂ ನಿಜ.

24ರ ನೈಟ್ ಹೇಗೆ ತಪ್ಪಿತು ಅಂದರೆ, ಅವಳ ವಾರ್ಡಿನ ಒಬ್ಬ ಮುಸ್ಲಿಂ ಸಿಸ್ಟರ್ ತಾವಾಗಿಯೇ ‘ನಾ ಮಾಡ್ತೀನಿ, ನೀವು ಹೋಗ್ರಿ’ ಅಂದರು. ರಂಜಾನ್ ಹಬ್ಬದಂದು ಇವಳು ಅವರ ಡ್ಯೂಟಿ ಮಾಡಿದ್ದಳು. ಆದರೂ ಚಾರ್ಟಿನ ಲೆಕ್ಕ ಸರಿಹೋಗಬೇಕಲ್ಲ, ಅದಕ್ಕೆ 31ರ ನೈಟ್ ಇವಳ ಪಾಲಿಗೆ ಬಂತು. ನಮ್ಮ ಮೆಥಡಿಸ್ಟರಿಗೆ 31ರ ರಾತ್ರಿ ಹೊಸ ವರ್ಷವನ್ನು ಎದುರುಗೊಳ್ಳುವ ವಾಚ್ ನೈಟ್ ಆರಾಧನೆ ದೊಡ್ಡದು. ಮೆಥಡಿಸ್ಟ್ ಪಂಥ ಕಟ್ಟಿದ ಜಾನ್ ವೆಸ್ಲಿ 1740ರ ದಶಕದಲ್ಲಿ ಶುರು ಮಾಡಿದ ಪದ್ಧತಿ. ಅಂದು ನಾನು ಎರಡೂ ಮಕ್ಕಳನ್ನು, ಎರಡೂ ಅಜ್ಜಿಯರನ್ನು ಒಬ್ಬನೇ ಕರೆದುಕೊಂಡು ಹೋಗಬೇಕು. ಆಟೊದವನಿಗೆ ಈಗಲೇ ಹೇಳಿಟ್ಟಿದ್ದೇನೆ.

25ರ ದಿನ ಮಾತ್ರ ಗಡಿಬಿಡಿಯಲ್ಲಿ ಹೋಯಿತು. ಬೆಳಿಗ್ಗೆ ಆರಾಧನೆ, ಹೊಸ ಬಟ್ಟೆ, ಒಳಗೆ ಜಾಗ ಸಾಲದೆ ಹೊರಗೆ ಶಾಮಿಯಾನ. ಮಧ್ಯಾಹ್ನ ಮಟನ್ ಬಿರಿಯಾನಿ, ನೆಂಟರು. ಸಂಜೆ ತಟ್ಟೆ ಹಂಚಲು ಮಗಳನ್ನೇ ಕಳಿಸಿದೆವು. ಎದುರುಮನೆ ಅಜ್ಜಿ ಖಾಲಿ ತಟ್ಟೆ ವಾಪಸ್ ಕೊಡುವುದಿಲ್ಲ, ಎಳ್ಳು ಹೋಳಿಗೆ ಇಟ್ಟು ಕಳಿಸಿದರು. ಎಂಟು ಗಂಟೆಗೆ ಎಲ್ಲರೂ ಮಲಗಿದ್ದೆವು. ನಿಜ ಹೇಳಲಾ, ನನಗೆ 25ಕ್ಕಿಂತ ಈ ಓಡಾಟದ ದಿನಗಳೇ ಇಷ್ಟ. ಹಬ್ಬದ ದಿನ ಮಕ್ಕಳು ಸುಸ್ತಾಗಿ ಅಳುವುದೇ ಹೆಚ್ಚು.

ಈಗ ನಿನ್ನ ವಿಷಯ. ‘ಪಾಪುಗೆ ಏನೂ ನೆನಪಿರುವುದಿಲ್ಲ, ಸುಮ್ನೆ ಯಾಕೆ ತಿರುಗಾಡಿಸುವುದು’ ಅಂತ ಬರೆದಿದ್ದೀಯ. ಪಾಪುಗೆ ನೆನಪಿರುವುದಿಲ್ಲ, ಒಪ್ಪಿದೆ. ಆದರೆ ನಿನ್ನ ಅವ್ವ ಎಳ್ಳಮಾವಾಸ್ಯೆ ದಿನ ಭಜ್ಜಿ ಮಾಡಿದ್ದರಂತೆ, ತಿನ್ನುವವರು ಇಲ್ಲ ಅಂತ ಹೊಲಕ್ಕೆ ಹೋಗದೆ ಪಕ್ಕದವರಿಗೆ ಕೊಟ್ಟರಂತೆ. ಫೋನಿನಲ್ಲಿ ಹೇಳಿದ್ದು ಇಷ್ಟೇ. ಸಂಕ್ರಾಂತಿಗೆ ಬಾ. ಜಾಸ್ತಿ ಪ್ಲಾನ್ ಬೇಡ, ನಿನ್ನ ರಜೆ, ನಿನ್ನ ಹೆಂಡತಿಯ ರಜೆ ಎದುರಿಗಿಟ್ಟು ಎರಡು ದಿನ ಹುಡುಕು, ಸಿಕ್ಕೇ ಸಿಗುತ್ತವೆ. ಪಾಪುಗೆ ಕಿವಿ ಮುಚ್ಚುವ ಟೋಪಿ, ಸಾಕ್ಸ್ ಹಾಕಿ ತಾ, ಇಲ್ಲಿ ಬೆಳಿಗ್ಗೆ ಒಂಬತ್ತರವರೆಗೆ ಹೊರಗೆ ತರಬೇಡ. ಒಂದು ರಾತ್ರಿ ನಮ್ಮಲ್ಲಿ ಇದ್ದು ಭಾಲ್ಕಿಗೆ ಹೋಗಿ. 14ರ ಸುತ್ತ ವೈನಿಗೆ ಯಾವ ಡ್ಯೂಟಿ ಅಂತ ಚಾರ್ಟ್ ಬಂದ ಕೂಡಲೇ ಫೋಟೊ ಕಳಿಸುತ್ತೇನೆ.

ನಾನ್‌ಖಟಾಯಿ ಸ್ವಲ್ಪ ಉಳಿಸಿದ್ದೇನೆ. ನಮ್ಮ ಕಾಕಾನ ಮಗ ಹೊಸ ವರ್ಷ ಮುಗಿಸಿ ಪುಣೆಗೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಸ್ಟೀಲ್ ಡಬ್ಬಿ ಅತ್ತೆಯದು, ವಾಪಸ್ ಬೇಕಂತೆ. ಬರುವಾಗ ಮರೆಯದೆ ತಾ.

ನಿನ್ನ ದೋಸ್ತ