ಸಿಸ್ಟಮ್ ಪೈಥಾನ್‌ಗೆ ಕೈ ಹಾಕಬೇಡಿ

ಮಾನ್ಯರೇ,

ಹಳೆಯ ಪ್ರಾಜೆಕ್ಟ್‌ಗೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಒಂದು ಆವೃತ್ತಿ, ಹೊಸ ಪಠ್ಯಕ್ಕೆ ಇನ್ನೊಂದು ಬೇಕಾದಾಗ ಕಾಲೇಜು ಲ್ಯಾಬ್‌ಗಳಲ್ಲಿ ಉಬುಂಟು ಓಎಸ್ (ಆಪರೇಟಿಂಗ್ ಸಿಸ್ಟಮ್) ಜೊತೆಗೇ ಬರುವ ಪೈಥಾನ್ ಅನ್ನೇ ಬದಲಿಸಿಬಿಡುವುದುಂಟು. ಉಬುಂಟು 22.04ರ ಜೊತೆ ಬರುವುದು ಪೈಥಾನ್ 3.10, 24.04ರ ಜೊತೆ 3.12. ತಂತ್ರಾಂಶ ಹಾಕುವ ವ್ಯವಸ್ಥೆಯಾದ ಆ್ಯಪ್ಟ್‌ನ ಸುತ್ತಲಿನ ಕೆಲವು ಉಪಕರಣಗಳು ಆಯಾ ಆವೃತ್ತಿಯನ್ನೇ ನೆಚ್ಚಿಕೊಂಡಿವೆ. ಈ ಪೈಥಾನ್‌ನತ್ತ ತೋರುವ ‘ಪೈಥಾನ್3’ ಕೊಂಡಿಯನ್ನು (ಸಿಮ್‌ಲಿಂಕ್) ಬೇರೆಡೆ ತಿರುಗಿಸಿದರೆ ‘ಆ್ಯಪ್ಟ್_ಪಿಕೆಜಿ’ ಮಾಡ್ಯೂಲ್ ಸಿಗದೆ ಅವು ನಿಲ್ಲುತ್ತವೆ, 22.04ರಲ್ಲಿ ಟರ್ಮಿನಲ್ಲೇ ತೆರೆಯದಿರಬಹುದು. ಆಗ ಇಡೀ ಓಎಸ್ ಮತ್ತೆ ಹಾಕುವುದು ದಂಡದ ಕೆಲಸ. ಕೊಂಡಿಯನ್ನು ಮೊದಲಿನಂತೆ ಮಾಡಿದರೆ ಸಾಕು.

ಹಲವು ಆವೃತ್ತಿಗಳನ್ನು ಒಟ್ಟಿಗೆ ಇಟ್ಟುಕೊಳ್ಳಲು ಪೈಎನ್ವ್ ಎಂಬ ಉಪಕರಣ ಒಳ್ಳೆಯದು. ಅದು ಪ್ರತಿ ಆವೃತ್ತಿಯನ್ನೂ ಬಳಕೆದಾರರ ಹೋಮ್ ಫೋಲ್ಡರ್‌ನಲ್ಲೇ ಕಂಪೈಲ್ ಮಾಡಿ (ಮೂಲ ಕೋಡ್‌ನಿಂದ ಕಟ್ಟಿ) ಇಡುತ್ತದೆ. ಎಡವುವುದು ಇಲ್ಲಿಯೇ: ಕಂಪೈಲರ್ ಮೊದಲಾದವನ್ನು ತರುವ ಬಿಲ್ಡ್-ಎಸೆನ್ಷಿಯಲ್ ಜೊತೆಗೆ ಓಪನ್‌ಎಸ್‌ಎಸ್‌ಎಲ್, ಝಡ್‌ಲಿಬ್, ಲಿಬ್‌ಎಫ್‌ಎಫ್‌ಐ, ಎಸ್‌ಕ್ಯೂಲೈಟ್ ಲೈಬ್ರರಿಗಳ ‘ಡೆವ್’ ಪ್ಯಾಕೇಜುಗಳು (ಕಂಪೈಲ್‌ಗೆ ಬೇಕಾದ ಫೈಲುಗಳು) ಮೊದಲೇ ಇರಬೇಕು. ಓಪನ್‌ಎಸ್‌ಎಸ್‌ಎಲ್ ಇಲ್ಲದಿದ್ದರೆ ಕಂಪೈಲ್ ಅಲ್ಲೇ ನಿಲ್ಲುತ್ತದೆ, ಅದೇ ವಾಸಿ. ಲಿಬ್‌ಎಫ್‌ಎಫ್‌ಐ ಇಲ್ಲದಿದ್ದರೆ ಬರೀ ಎಚ್ಚರಿಕೆ ಕೊಟ್ಟು ಮುಗಿಯುತ್ತದೆ. ಅದನ್ನು ನೆಚ್ಚಿಕೊಂಡ ‘ಸಿಟೈಪ್ಸ್’ ಮಾಡ್ಯೂಲ್ ಇಲ್ಲವೆಂದು ಗೊತ್ತಾಗುವುದು ಪ್ರೋಗ್ರಾಂ ಓಡಿಸುವಾಗ. ಆಮೇಲೆ ಲೈಬ್ರರಿ ಹಾಕಿದರೆ ಸಾಲದು, ಆ ಪೈಥಾನ್ ಅನ್ನೇ ಮತ್ತೆ ಕಂಪೈಲ್ ಮಾಡಬೇಕು.

ವಿದ್ಯಾರ್ಥಿಗಳು ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ‘ಪೈಎನ್ವ್ ಲೋಕಲ್’ ಆದೇಶ ಕೊಟ್ಟು ಆವೃತ್ತಿ ಗೊತ್ತುಮಾಡಿ, ಅಲ್ಲೇ ‘ವೆನ್ವ್’ (ಆ ಪ್ರಾಜೆಕ್ಟ್‌ನ ಪ್ಯಾಕೇಜುಗಳಿಗೆಂದೇ ಪ್ರತ್ಯೇಕ ಪೈಥಾನ್ ಪರಿಸರ) ಸೃಷ್ಟಿಸಿಕೊಳ್ಳಲಿ. ವೆನ್ವ್ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ಒಯ್ದರೆ ನಡೆಯದು, ಅದರೊಳಗಿನ ಸ್ಕ್ರಿಪ್ಟ್‌ಗಳಲ್ಲಿ ಹಳೆಯ ಯಂತ್ರದ ಪೂರ್ಣ ಪಾಥ್ ಬರೆದಿರುತ್ತದೆ. ಪ್ಯಾಕೇಜುಗಳ ಪಟ್ಟಿಯನ್ನಷ್ಟೇ ಒಯ್ಯಬೇಕು.

– ಲ್ಯಾಬ್ ಬೋಧಕರು, ದಾವಣಗೆರೆ